ಹೊಣೆಗೆ ಕಾರ್ಯದರ್ಶಿ, ಸಂಬಳಕ್ಕೆ ಗುಮಾಸ್ತ

ತಿಪಟೂರು
12-3-1984

ಚಿ|| ಸೌ|| ಗಿರಿಜಾಂಬಿಕೆಗೆ,

ಆಶೀರ್ವಾದಗಳು. ಇಲ್ಲಿ ಕ್ಷೇಮ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ಅದನ್ನು ಬಿಟ್ಟಿದ್ದೇನೆ. ಸಂಪಿಗೆಯ ತವರಿನಲ್ಲಿ ನೀನೂ ನಿಮ್ಮಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ನಮ್ಮ ಕೊಬ್ಬರಿ ಮಾರಾಟ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದಾನೆ. ಮೂವತ್ತೂ ತುಂಬಿಲ್ಲ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಶುಕ್ರವಾರ ಅವನಿಗೆ ಚಾರ್ಜು ಕೊಟ್ಟು ನಾನು ಮತ್ತೆ ಗುಮಾಸ್ತನ ಮೇಜಿಗೆ ಹೋಗಬೇಕಂತೆ.

'ಹೊಸಬ್ರು ಬರೋಗಂಟ ಸ್ವಲ್ಪ ನೋಡ್ಕೊಳಪ್ಪ' ಎಂದು ಅಧ್ಯಕ್ಷ ಕಾಡಸಿದ್ದಪ್ಪನವರು ನನ್ನ ಕೈಗೆ ಬೀಗದ ಕೈ ಕೊಟ್ಟದ್ದು ಎಪ್ಪತ್ತಾರರಲ್ಲಿ. ದೆಹಲಿಯಲ್ಲಿ ಒಂದು ಸರ್ಕಾರ ಬಿತ್ತು, ಇನ್ನೊಂದು ಬಂತು, ಅದೂ ಬಿದ್ದು ಮೊದಲಿನದೇ ಮರಳಿತು. ನಾನು ಮಾತ್ರ ಪ್ರಭಾರ ಕಾರ್ಯದರ್ಶಿಯಾಗಿಯೇ ಉಳಿದೆ. ಆರು ತಿಂಗಳಿಗೊಮ್ಮೆ ಒಂದು ದಿನ ಬೀಗದ ಕೈ ಕಸಿದುಕೊಂಡು, ಮರುದಿನ ಹೊಸ ಆದೇಶದ ಜೊತೆ ಕೊಡುತ್ತಿದ್ದರು. ಸೇವೆ ಸತತವಾಗಿತ್ತು ಎಂದು ನಾನು ನಾಳೆ ಹಕ್ಕು ಕೇಳಬಾರದಲ್ಲ. ಆ ದಿನ ಜಗಲಿಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. ತೂಕದ ಗಿಡ್ಡಯ್ಯ ಹೋಗುತ್ತ ಬರುತ್ತ, 'ಏನ್ ಸ್ವಾಮಿ, ಇವತ್ತು ತಮಗೆ ಗ್ರಹಣ ಹಿಡ್ದೈತಾ? ನಾಳಿಕೆ ಸ್ನಾನ ಮಾಡ್ಕಂಡು ಕುರ್ಚಿ ಹತ್ತಿ ಬುಡಿ' ಎನ್ನುತ್ತಿದ್ದ. ನಾನೂ ನಗುತ್ತಿದ್ದೆ.

ಹೋದ ಬೇಸಿಗೆ ಗೋದಾಮಿನ ಕೊಬ್ಬರಿ ಒಣಗಿ ತೂಕ ಇಳಿಯಿತು. ಬಿಸಿಲಿಗೆ ಕೊಬ್ಬರಿ ಒಣಗುತ್ತದೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆಡಿಟ್‌ನವರು ನಷ್ಟಕ್ಕೆ ಯಾರು ಹೊಣೆ ಎಂದಾಗ ಅಧ್ಯಕ್ಷರು, 'ನಮ್ ಕಾರ್ಯದರ್ಶಿ ಏಕಾಂತಯ್ಯನೋರು ಇಲ್ಲೇ ಅವ್ರಲ್ಲ' ಎಂದರು. ಪ್ರಭಾರ ಎಂಬ ಮಾತನ್ನು ಬಿಟ್ಟು ಅವರು ನನ್ನನ್ನು ಕರೆದದ್ದು ಅದೊಂದೇ ಸಲ. ನಷ್ಟವನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಆ ಸಂಬಳವಾದರೂ ಗುಮಾಸ್ತನದು! ಇದು ಯಾವ ನ್ಯಾಯ ಗಿರಿಜಾ?

ಸಮಾನ ಕೆಲಸಕ್ಕೆ ಸಮಾನ ವೇತನ ಸಂವಿಧಾನದ ಆಶಯವೆಂದು ಸುಪ್ರೀಂ ಕೋರ್ಟು ಹೇಳಿ ಎರಡು ವರ್ಷವಾಯಿತು. ಪತ್ರಿಕೆಯಲ್ಲಿ ಓದಿದ್ದೆ. ಮೊನ್ನೆ ಅಧ್ಯಕ್ಷರ ಮುಂದೆ ಅದನ್ನೆತ್ತಿದೆ. 'ಅದು ಡೆಲ್ಲಿ ಮಾತು ಕಣಪ್ಪ, ಇದು ತಿಪಟೂರು' ಎಂದು ನಕ್ಕು, ಬೆರಳಚ್ಚು ಮಾಡಿದ ಕಾಗದವೊಂದನ್ನು ಮುಂದಿಟ್ಟರು. ನಾನು ಸ್ವಂತ ಇಚ್ಛೆಯಿಂದ ಪ್ರಭಾರ ನೋಡಿಕೊಂಡೆ, ಹೆಚ್ಚಿನ ಸಂಬಳವನ್ನಾಗಲಿ ಹುದ್ದೆಯನ್ನಾಗಲಿ ಕೇಳುವುದಿಲ್ಲ ಎಂದಿದೆ. ಸಹಿ ಹಾಕಿದರೆ ಇಲ್ಲೇ ಇರಬಹುದು, ಕಚೇರಿಯ ಹಿಂದಿನ ಈ ಮನೆಯೂ ಉಳಿಯುತ್ತದೆ. ಇಲ್ಲವಾದರೆ ಹುಳಿಯಾರಿನ ಗೋದಾಮಿಗೆ ವರ್ಗ.

ಮನೆ ಉಳಿಸಿಕೊಂಡು ಮಾಡುವುದೇನು ಎಂದು ನೀನು ಕೇಳಬಹುದು. ಸಂಜೆ ಬಂದರೆ ಮಾತಾಡಿಸುವವರಿಲ್ಲ. ಪತ್ರಿಕೆಯನ್ನು ಈಗಲೂ ಗಟ್ಟಿಯಾಗಿಯೇ ಓದುತ್ತೇನೆ, ನೀನು ಅಡುಗೆಮನೆಯಲ್ಲಿದ್ದಾಗ ಓದುತ್ತಿದ್ದ ಹಾಗೆ. ಗೋಡೆಗೆ ಮೊಳೆ ಹೊಡೆಯಲೇ ಎಂದು ನೀನು ಕೇಳಿದರೆ ನಾನು ಕಾಯಂ ಆಗಲಿ ಎನ್ನುತ್ತಿದ್ದೆ. ಹಸು ಕಟ್ಟೋಣವೇ ಎಂದರೂ ಅದೇ ಉತ್ತರ. ಮೊದಲ ವರ್ಷ ನೀನು ತವರಿನಿಂದ ತಂದು ಅಂಗಳದಲ್ಲಿ ನೆಟ್ಟ ತೆಂಗಿನ ಸಸಿಯನ್ನು ಕಂಡು ಅಧ್ಯಕ್ಷರು, 'ಏನ್ ಏಕಾಂತಯ್ಯ, ಇಲ್ಲೇ ಬೇರು ಬುಡೋ ಹಂಗೆ ಕಾಣ್ತದಲ್ಲ' ಎಂದಿದ್ದರು. ಮರುವಾರ ಅದನ್ನು ಯಾರದೋ ಕರು ತಿಂದಿತು. ನೀನು ಆ ಗುಂಡಿಯನ್ನು ಮುಚ್ಚಲಿಲ್ಲ. ನಾಲ್ಕು ವರ್ಷದ ಹಿಂದೆ ತವರಿನ ಬಸ್ಸು ಹತ್ತುವಾಗ ನೀನು, 'ಕಾಯಮ್ಮಾದ ದಿನ ಒಂದು ಕಾಗದ ಹಾಕ್ರೀ, ಬತ್ತೀನಿ' ಎಂದೆ.

ಇದು ಆ ಕಾಗದವಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಲೂ ಇಲ್ಲ. ತಿಳಿಸಬೇಕೆನಿಸಿತು, ಅಷ್ಟೆ. ನಿಮ್ಮಮ್ಮನಿಗೆ ನನ್ನ ಶರಣು ಹೇಳು.

ನಿನ್ನವ,
ಏಕಾಂತಯ್ಯ

ತಾ.ಕ.: ಲಕೋಟೆ ಅಂಟಿಸುವ ಮೊದಲು ಗೋದಾಮಿನ ಹಿಂದಕ್ಕೆ ಹೋಗಿ ಬಂದೆ. ನಿನ್ನ ಸಸಿಯನ್ನು ಕರು ತಿಂದಿರಲಿಲ್ಲ. ಅಧ್ಯಕ್ಷರ ಕಣ್ಣಿಗೆ ಬೀಳದಿರಲೆಂದು ನಾನೇ ಕಿತ್ತು, ನೀನು ಎಂದೂ ಹೋಗದ ಆ ಕಡೆ ಬೇಲಿಯ ಮಗ್ಗುಲಲ್ಲಿ ನೆಟ್ಟಿದ್ದೆ. ನಿನಗೆ ಹೇಳಿದ್ದರೆ ನೀನು ಅದನ್ನು ಮತ್ತೆ ಅಂಗಳಕ್ಕೇ ತಂದು ನೆಡುತ್ತಿದ್ದೆ. ಎಂಟು ವರ್ಷ ನೀರು ಹೊತ್ತಿದ್ದೇನೆ. ಇವತ್ತು ಮೊದಲ ಹೊಂಬಾಳೆ ಒಡೆದಿದೆ. ಅದಕ್ಕೆ ಯಾರೂ ಆದೇಶ ಕೊಟ್ಟಿರಲಿಲ್ಲ. ಅಧ್ಯಕ್ಷರ ಕಾಗದವನ್ನು ಸಹಿಯಿಲ್ಲದೆ ವಾಪಸು ಕಳಿಸಿ, ನನಗೆ ಸಲ್ಲಬೇಕಾದ ಸಂಬಳ ಕೇಳಿ ಸಹಕಾರ ಇಲಾಖೆಗೆ ಅರ್ಜಿ ಹಾಕುತ್ತಿದ್ದೇನೆ. ಶುಕ್ರವಾರದ ಮೇಲೆ ಈ ಮನೆ ಇರುವುದಿಲ್ಲ, ಗುರುವಾರದೊಳಗೆ ಬಂದರೆ ಮರ ತೋರಿಸುತ್ತೇನೆ. ಬರುವಾಗ ನಿಮ್ಮ ತೋಟದಿಂದ ಇನ್ನೊಂದು ಸಸಿ ತಾ. ಹುಳಿಯಾರಿನ ಮನೆಗೂ ಅಂಗಳವಿದೆಯಂತೆ. ಕಾಯಂ ಇನ್ನೂ ಆಗಿಲ್ಲ.