ಭಂಡಾರ ಬಳಿದ ಚಿತ್ರಕ್ಕೆ ಎಷ್ಟು ಅಂಕ?

ಕಲೆಯ ಮೂಲಕ ಮಕ್ಕಳಿಗೆ ಅಧ್ಯಾತ್ಮ ಕಲಿಸಿರೆಂದು ಆದೇಶ ಹೊರಡಿಸಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ಅಧ್ಯಾತ್ಮ ನಮ್ಮ ತರಗತಿಗೆ ಬಂದಿತ್ತು. ನಿಮ್ಮ ಕಚೇರಿಯವರೇ ಅದನ್ನು ಹೊರಗೆ ನಿಲ್ಲಿಸಿದ್ದಾರೆ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವನು. ಕೆರೂರಿನಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತೇನೆ. ಚಿತ್ರಕಲಾ ಶಿಕ್ಷಕರಿಲ್ಲದ ಹಳ್ಳಿಯ ಶಾಲೆಯೊಂದರಲ್ಲಿ ಶನಿವಾರಗಳಂದು ಚಿತ್ರ ಹೇಳಿಕೊಡಲು ನನ್ನನ್ನು ಕರೆದರು.

ನೀವು ಕಳಿಸಿದ ಹಾಳೆಗಳಲ್ಲಿ ಕಮಲ ಮೊದಲೇ ಅಚ್ಚಾಗಿತ್ತು. ಮಕ್ಕಳು ಕಣ್ಣು ಮುಚ್ಚಿ ಶಾಂತಿ ಪಡೆಯಬೇಕು, ಕಣ್ಣು ತೆರೆದು ಗುಲಾಬಿ ಬಣ್ಣ ತುಂಬಬೇಕು, ನಾನು ಹತ್ತಕ್ಕೆ ಇಷ್ಟೆಂದು ಅಂಕ ಹಾಕಬೇಕು. ಶಾಂತಿಯನ್ನು ಅಳೆಯುವ ವಿದ್ಯೆ ನಿಮಗೆ ಗೊತ್ತಿರಬೇಕು, ನನಗಿಲ್ಲ. ಹಾಳೆ ತಿರುವಿ ಹಾಕಿಸಿ, "ಯಾರ ನೆನಪು ಬರ್ತೈತಿ, ಅವರನ್ನ ಬರೀರಿ" ಎಂದೆ.

ರೋಹಿಣಿ ಎಂಬ ಹುಡುಗಿ ತನ್ನ ಅಜ್ಜ ಅಮಸಿದ್ದಪ್ಪನನ್ನು ಬರೆದಳು. ಮುಂದೆ ಕುರಿಗಳು, ಹೆಗಲ ಮೇಲೆ ಕಂಬಳಿ. ಅಜ್ಜ ತೀರಿಕೊಂಡಾಗಿನಿಂದ ಆಕೆ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಹಳದಿ ಬಣ್ಣ ಮುಗಿದಿತ್ತು. ಮನೆಗೆ ಓಡಿ ಮನೆದೇವರು ಬೀರಪ್ಪನ ಮುಂದಿನ ಭಂಡಾರ ತಂದಳು. ಆ ಅರಿಸಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಆಕಾಶಕ್ಕೆಲ್ಲ ಬಳಿದಳು. "ಮುತ್ಯಾ ಇಲ್ಲೇ ಅದಾನ್ರಿ ಸರ" ಎಂದಳು. ಉಳಿದ ಮಕ್ಕಳು ಒಬ್ಬೊಬ್ಬರೇ ಬಂದು ಹಾಳೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮರುವಾರ ನಿಮ್ಮ ಮೇಲ್ವಿಚಾರಕರು ಬಂದು ಆ ಹಾಳೆ ಎತ್ತಿದರು.

"ಕಮಲ ಎಲ್ಲೈತಿ?"

"ಹಿಂದ ಐತ್ರಿ."

"ಮಾರ್ಕ್ಸ್?"

"ಹಾಕಿಲ್ರಿ."

ಮೊಮ್ಮಗಳು ರೋಹಿಣಿಯನ್ನು ಕರೆದೊಯ್ಯಲು ಬಂದಿದ್ದ ಸೋಮವ್ವಜ್ಜಿ ಬಾಗಿಲಿನಿಂದಲೇ ಅಂದಳು: "ಹಾಕ್ರಿ ಸಾಹೇಬ್ರ, ಹಾಕ್ರಿ! ನಮ್ಮ ಮನಿಯಾಂವ ಸಾಲಿ ಕಟ್ಟಿ ಹತ್ತಿದಾಂವಲ್ಲ. ಸತ್ತ ಮ್ಯಾಲರೆ ಪಾಸ್ ಆಗ್ಲಿ!"

ಮಕ್ಕಳು ನಕ್ಕರು, ಸಾಹೇಬರು ನಗಲಿಲ್ಲ. ಬರುವ ಶನಿವಾರದೊಳಗೆ ಪ್ರತಿ ಚಿತ್ರದ ಮೇಲೆಯೇ ಕೆಂಪು ಶಾಯಿಯಲ್ಲಿ ಅಂಕ ಬರೆಯಬೇಕು, ಇಲ್ಲವಾದರೆ ತರಗತಿ ಬಂದ್ ಎಂದು ಹೋದರು. ಮುಖ್ಯೋಪಾಧ್ಯಾಯರು, "ಒಂದ್ ನಂಬರ್ ಗೀಚಿ ಕೊಡೋ ಯಮನೂರ, ಯಾರ್ ನೋಡ್ತಾರ?" ಎಂದರು.

ರೋಹಿಣಿ ನೋಡುತ್ತಾಳೆ, ಮಾನ್ಯರೇ.

ಭಂಡಾರ ಬಿದ್ದ ನೆಲವನ್ನೂ ತುಳಿಯದ ಮಕ್ಕಳು ಅವರು. ಅದರ ಮೇಲೆ ಕೆಂಪು ಗೀಟು ಎಳೆದವನ ಮುಂದೆ ಮತ್ತೆ ಮನಸ್ಸು ಬಿಚ್ಚಿಯಾರೇ? ಎಳೆಯದಿದ್ದರೆ ಕೋಣೆಗೆ ಬೀಗ. ಆ ಹುಡುಗಿ ಬಾಯಿ ಬಿಡುವ ಜಾಗ ಅದೊಂದೇ. ಹಾಳೆ ಈಗ ನನ್ನ ಮನೆಯಲ್ಲಿದೆ. ಪೆನ್ನು ಹಿಡಿದು ಕೂರುತ್ತೇನೆ, ಮುಚ್ಚಳ ಹಾಕಿ ಏಳುತ್ತೇನೆ. ಹತ್ತಕ್ಕೆ ಹತ್ತು ಕೊಟ್ಟುಬಿಡಲೇ? ಹಾಗಾದರೆ ಆಕೆಯ ಪಕ್ಕದಲ್ಲೇ ಕೂತು, ದೂರದೂರಿಗೆ ದುಡಿಯಲು ಹೋದ ತನ್ನ ತಾಯಿಯನ್ನು ಬರೆದ ಮಗುವಿಗೆ ಏಳೋ, ಎಂಟೋ? ಯಾರ ನೆನಪು ಕಡಿಮೆ?

ಅಂಕದ ಜಾಗ ಖಾಲಿ ಇರಲಿ ಎಂದು ಒಂದು ಸಾಲು ಬರೆದು ಕಳಿಸಿ. ಆಗದಿದ್ದರೆ ಶನಿವಾರ ನೀವೇ ಬನ್ನಿ. ಕೆಂಪು ಪೆನ್ನು ನಾನು ಕೊಡುತ್ತೇನೆ. ಅಜ್ಜನ ಮೇಲೆ ಎಲ್ಲಿ ಬರೆಯಲಿ ಎಂದು ರೋಹಿಣಿಯನ್ನು ಕೇಳಿ, ಆಕೆ ತೋರಿಸಿದ ಕಡೆ ಬರೆಯಿರಿ.

ಇಂತಿ,
ಪೆನ್ನು ಎತ್ತಲೂ ಆಗದೆ, ಇಡಲೂ ಆಗದೆ ಕುಳಿತಿರುವ
ಯಮನೂರ, ಬೋರ್ಡ್ ಬರೆಯುವವನು, ಕೆರೂರ