ಉಪ್ಪುಮಾಂಸದ ಗ್ಲೌಸ್

ಭಾನುವಾರ, ಜನವರಿ 15, 1933. ಬ್ರಿಜ್‌ಟೌನ್

ಈ ಉಪಾಯ ಮೊದಲು ಹೇಳಿದವನು ಕಾರ್ಲೈಲ್ ಮಾವ. ನಿನ್ನೆ ಸಂಜೆ, ರಮ್ ಅಂಗಡಿಯಲ್ಲಿ, ಎಂದಿನಂತೆ ಬಲಗೈ ಜೇಬಿನೊಳಗೆ. ಒಂದು ಕಾಲದಲ್ಲಿ ಈ ದ್ವೀಪದ ವಿಕೆಟ್‌ಕೀಪರ್.

"ಗ್ಲೌಸಿನೊಳಗೆ ಹಸಿ ಮಾಂಸದ ತುಂಡು ಇಟ್ಕೊಳ್ಳೋ. ಎಂಥಾ ಚೆಂಡು ಬಂದ್ರೂ ಅಮ್ಮ ಕೆನ್ನೆ ಸವರಿದ ಹಾಗಿರುತ್ತೆ."

ನಾಳೆಯಿಂದ ಟ್ರಯಲ್ ಪಂದ್ಯ. ಇಂಗ್ಲೆಂಡಿಗೆ ಹೊರಟ ತಂಡಕ್ಕೆ ಒಬ್ಬ ಕೀಪರ್ ಬೇಕು. ನಾನು, ಇಲ್ಲವೇ ಕಬ್ಬಿನ ತೋಟದ ದೊರೆಯ ಮಗ.

ಸೋಮವಾರ 16

ಕಟುಕ ದನ ಕಡಿಯುವುದು ಶನಿವಾರ ಮಾತ್ರ. ಹಸಿ ಮಾಂಸ ಎಲ್ಲಿಂದ? ಯೂನಾ — ಹೆಂಡತಿ ಅಂದರೆ ಹೀಗಿರಬೇಕು — ಅಡುಗೆಗೆ ತಂದಿದ್ದ ಉಪ್ಪುಮಾಂಸ ಕೊಯ್ದು ಗ್ಲೌಸಿಗೆ ತುರುಕಿದಳು.

"ಮಾಂಸ ಮಾಂಸಾನೇ. ಕೈಗೇನು ಗೊತ್ತಾಗುತ್ತೆ?"

ಗೊತ್ತಾಯಿತು. ಅಂಗೈ ತುಂಬ ಬಿರುಕು, ಅದರೊಳಗೆ ಉಪ್ಪು. ಊಟದ ಹೊತ್ತಿಗೆ ಬೆಂಕಿ. ತೆಗೆಯಲಿಲ್ಲ. ಪೆಟ್ಟು ನಿಜಕ್ಕೂ ಕಡಿಮೆ.

ಮಂಗಳವಾರ 17

ನಮ್ಮ ವೇಗದ ಬೌಲರ್ ಸ್ಟಾಂಟನ್ ಎಸೆದ ಚೆಂಡು ಬಲಗೈ ಕಿರುಬೆರಳಿಗೆ ಬಡಿಯಿತು. ಉಪ್ಪಿನ ಉರಿ ಅಂದುಕೊಂಡೆ. ಎರಡು ಕ್ಯಾಚ್, ಒಂದು ಸ್ಟಂಪಿಂಗ್. ಸಂಜೆ ಗ್ಲೌಸ್ ಕಳಚಿದರೆ ಬೆರಳು ಗೆಣಸಾಗಿದೆ. ಉಪ್ಪಲ್ಲ... ಮುರಿದಿದೆ.

"ಡಾಕ್ಟರ್ ಹತ್ರ ನಡಿ," ಅಂದಳು ಯೂನಾ.

"ಕಟ್ಟು ಕಂಡ್ರೆ ದೊರೆ ಮಗ ಹಡಗು ಹತ್ತಿದ ಅಂತಲೇ ತಿಳ್ಕೋ."

ಬೈಯುತ್ತಲೇ ನಾಳೆಗೆ ಮಾಂಸ ಕೊಯ್ದಳು.

ಗುರುವಾರ 19

ನಿನ್ನೆ ಬರೆಯಲಾಗಲಿಲ್ಲ. ಆದರೆ ಒಂದೂ ಚೆಂಡು ಬಿಡಲಿಲ್ಲ.

ಇವತ್ತು ಹೆಸರು ಕೂಗಿದರು. ಗಿಟ್ಟೆನ್ಸ್! ನನ್ನದೇ. ಆಯ್ಕೆ ಸಮಿತಿಯ ದೊಡ್ಡವರು ಒಬ್ಬೊಬ್ಬರ ಕೈ ಕುಲುಕುತ್ತ ಬಂದರು. ಎಡಗೈ ಚಾಚುವ ಹಾಗಿಲ್ಲ. ಬಲಗೈ ಕೊಟ್ಟೆ. ಹಿಂಡಿದರು.

"ಏನಯ್ಯಾ, ಅಳ್ತೀಯಾ?"

"ಸಂತೋಷಕ್ಕೆ, ಸರ್."

ಸಂಜೆ ರಮ್ ಅಂಗಡಿಯಲ್ಲಿ ಉಪ್ಪುಮಾಂಸದ ಕಥೆ ಹೇಳಿದೆ, ಬೆರಳಿನ ಸಂಗತಿ ಬಿಟ್ಟು. ಕೈ ಜೇಬಿನಲ್ಲಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವ ಮಾತ್ರ ನನ್ನ ಜೇಬನ್ನೇ ನೋಡುತ್ತಿದ್ದ.

ಶುಕ್ರವಾರ 20, ಬೆಳಗ್ಗೆ

ನಿನ್ನೆ ಕಥೆ ಕೇಳಿದವರೆಲ್ಲ ಬೆಳಗಾಗುತ್ತಲೇ ದಿನಸಿ ಅಂಗಡಿಗೆ ನುಗ್ಗಿದರಂತೆ. ಉಪ್ಪುಮಾಂಸದ ಪೀಪಾಯಿ ಖಾಲಿ. ಸ್ಟಾಂಟನ್ ಕೂಡ ಒಂದು ತುಂಡು ಒಯ್ದನಂತೆ — ಬೌಲರ್, ಅವನಿಗೆ ಗ್ಲೌಸೇ ಇಲ್ಲ!

ಮಾವ ಅಲ್ಲಿಗೆ ಹೋಗಲಿಲ್ಲ. ನಮ್ಮ ಬಾಗಿಲಿಗೆ ಬಂದ. ಎಡಗೈಯಲ್ಲಿ ಬಿದಿರಿನ ಚಕ್ಕೆ, ಬಟ್ಟೆಯ ಪಟ್ಟಿ. ಬಲಗೈ ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದ. ಕಿರುಬೆರಳು ಕೊಕ್ಕೆಯಂತೆ ಸೊಟ್ಟ.

"ನಾನೂ ಯಾರಿಗೂ ಹೇಳ್ಲಿಲ್ಲ ಕಣೋ. ಆಮೇಲೆ ಗ್ಲೌಸೇ ಹಾಕಕ್ಕಾಗ್ಲಿಲ್ಲ. ಕೊಡು ಇಲ್ಲಿ. ಹಡಗು ಹೊರಡೋದ್ರೊಳಗೆ ಮೂಳೆ ಕೂಡುತ್ತೆ."

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಾವನ ತೊಡೆಯ ಮೇಲಿದೆ. ಯೂನಾ ಬಾಗಿಲು ಹಾಕಿ ಬಂದಳು.

"ಬರೆಯೋದು ಸಾಕು, ಬೆರಳು ಎಳೀತೀನಿ," ಅಂತಾನೆ. ಇನ್ನೊಂದೇ ಸಾಲು ಮಾವ, ಅಂದೆ. ಅವನು ಆಗಲೇ—