ಎಂಟು ಸೀಟು, ಎಲ್ಲವೂ ಮುಂದಕ್ಕೆ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಹನ್ನೊಂದನೇ ತಾರೀಖು, ತಿಂಡಿ ಆದಮೇಲೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ವೆಲ್ಡಿಂಗ್ ಮಾಡುವಾಗ ಕನ್ನಡಕವನ್ನು ಹಣೆಗೇರಿಸಿಕೊಂಡು ಬರಿಗಣ್ಣಲ್ಲಿ ಇಣುಕುವ ಚಾಳಿ ಬಿಟ್ಟೆಯೋ ಇಲ್ಲವೋ? ಹಡಗು ಕಟ್ಟುವ ಆ ಯಾರ್ಡಿನಲ್ಲಿ ಇನ್ನೂರು ಜನ ವೆಲ್ಡರುಗಳಿದ್ದಾರಂತೆ. ಅಷ್ಟು ಜನರಲ್ಲಿ ಸಂಜೆ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುವವನು ನೀನೊಬ್ಬನೇ ಇರಬೇಕು ಎಂದು ಅಮ್ಮನ ಊಹೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದೆ. ಆದರೆ ಬೈಯುವುದಕ್ಕೆ ಮಂಡಿ ಬೇಕಾಗುವುದಿಲ್ಲವಾದ್ದರಿಂದ ಮನೆಯ ಆಡಳಿತ ಎಂದಿನಂತೆ ಸುಸೂತ್ರವಾಗಿ ನಡೆದಿದೆ. ನಾನೂ ಚೆನ್ನಾಗಿದ್ದೇನೆ. ವ್ಯಾನಿನ ಎಂಜಿನ್ನೂ ಚೆನ್ನಾಗಿದೆ. ಉಳಿದದ್ದನ್ನು ಓದುವ ಮೊದಲು ಒಂದು ಲೋಟ ನೀರು ಕುಡಿದುಬಿಡು.

ನಿನ್ನ ಕಾಗದ ತಲುಪಿತು. ಒಟ್ಟು ಮೂರು ಸಾಲು. ಮೊದಲ ಸಾಲಿನಲ್ಲಿ ಅಮ್ಮನ ಆರೋಗ್ಯ, ಎರಡನೆಯದರಲ್ಲಿ "ನನ್ನ ಬೆಂಚಿಗೆ ಕೈ ಹಚ್ಚಿದರೆ ನೋಡು", ಮೂರನೆಯದರಲ್ಲಿ "ಅಷ್ಟು ಭಯ ಇದ್ದರೆ ನಾಲ್ಕು ಬೆಲ್ಟು ಹಾಕಿಸು, ಸಾಕು." ಎರಡನೇ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಆ ಗೆರೆಯೂ ನಿನ್ನ ವೆಲ್ಡಿಂಗಿನ ಹಾಗೇ ದಪ್ಪಗೆ, ನೆಟ್ಟಗೆ ಇದೆ. ವ್ಯಾನು ನಿನ್ನ ಹೆಸರಿನಲ್ಲಿದೆ, ಒಪ್ಪಿದೆ. ಆದರೆ ಬೀಗದ ಕೈ ನನ್ನ ಹತ್ತಿರ ಇದೆ, ಸ್ಟಿಯರಿಂಗ್ ಹಿಡಿಯುವವಳು ನಾನು, ಹಿಂದೆ ಕೂತವರಿಗೆ ಏನಾದರೂ ಆದರೆ ಅವರ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದವಳೂ ನಾನೇ. ಆದ್ದರಿಂದ ನಿನ್ನ ಮೂರು ಸಾಲಿಗೆ ನನ್ನ ಮೂರು ಹಾಳೆಯನ್ನು ಸಾವಧಾನವಾಗಿ ಓದತಕ್ಕದ್ದು.

ಬ್ರೆಡ್ಡು ಸಾಗಿಸುತ್ತಿದ್ದ ಆ ಹಳೆಯ ವ್ಯಾನು ಮನೆಗೆ ಬಂದ ವಾರವೇ ನೀನು ಅದರ ಎರಡು ಗೋಡೆಗೂ ಉದ್ದುದ್ದ ಬೆಂಚು ಕೂರಿಸಿದೆ. ಕೆಂಪು ರೆಕ್ಸಿನ್ನು, ಒಳಗೆ ದಪ್ಪ ಸ್ಪಂಜು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ ಕೆಲಸಕ್ಕೆ ಹೋಗುವ ಹನ್ನೆರಡು ಹೆಂಗಸರು ಆರಾರು ಜನರಂತೆ ಎದುರುಬದುರು ಕೂತು, ಮಂಡಿಗೆ ಮಂಡಿ ಸಿಕ್ಕಿಸಿಕೊಂಡರೆ ಒಳಗಡೆ ಜಿಪ್ಪು ಹಾಕಿದ ಹಾಗೆ ಕಾಣುತ್ತಿತ್ತು. ಅಲ್ಲಿ ಎರಡು ಸಂಬಂಧ ಕುದುರಿವೆ, ಮೂರು ಮುರಿದಿವೆ. ಇಡೀ ಬೀದಿಯ ನ್ಯಾಯತೀರ್ಮಾನ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಆಗುತ್ತಿತ್ತು. ನಾನು ಬ್ರೇಕು ಒತ್ತಿದಾಗ ಮಾತ್ರ ಎರಡೂ ಬೆಂಚಿನವರು ರೆಕ್ಸಿನ್ನಿನ ಮೇಲೆ ಜಾರಿ ನನ್ನ ಬೆನ್ನ ಹಿಂದಿನ ತಗಡಿನ ಅರ್ಧಗೋಡೆಯ ಕಡೆಗೆ ದಂಡೆತ್ತಿ ಬರುತ್ತಿದ್ದರು. ಅದಕ್ಕೆ ನಾವು ಕಂಡುಕೊಂಡ ಪರಿಹಾರ ನೆನಪಿದೆಯಲ್ಲ? ಬಲಗಡೆ ಬೆಂಚಿನ ಮುಂತುದಿಗೆ ಸ್ಟೆಪ್ನಿ ಟೈರು. ಎಡಗಡೆ ಬೆಂಚಿನ ಮುಂತುದಿಗೆ, ಶೀಟು ಮಡಿಸುವ ಮೇಜಿನ ಹಿರಿಯಕ್ಕ. ಎಲ್ಲರಿಗಿಂತ ಗಟ್ಟಿಮುಟ್ಟಾದ ಮೈಯವರು, ಎಲ್ಲರಿಗಿಂತ ದೊಡ್ಡ ಮನಸ್ಸಿನವರು. ಅವರಿಗೆ ಬ್ರೇಕಕ್ಕ ಎಂದು ಬಿರುದು ಕೊಟ್ಟವನು ನೀನೇ. ಭುಜಕ್ಕೂ ತಗಡಿಗೂ ನಡುವೆ ಒಂದು ದಿಂಬು ಇಟ್ಟುಕೊಂಡು ಅವರು ಕೂತರೆ ವ್ಯಾನು ಹೊರಡಲು ಸಿದ್ಧ. ಟ್ಯಾಂಕರು ಅಡ್ಡ ಬರಲಿ, ಸೈಕಲ್ಲು ಅಡ್ಡ ಬರಲಿ, ಹಿಂದಿನಿಂದ "ಅಕ್ಕಾ, ತಡೀರಿ!" ಎಂಬ ಕೂಗು, ಐದು ಜನರ ಭಾರ ಅವರ ಮೇಲೆ, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು. ನಾನೂ ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ಬೆಲ್ಟು ಯಾಕಿಲ್ಲ ಎಂದು ಯಾರೋ ಕೇಳಿದಾಗ "ಅಕ್ಕ ಇದ್ದಾರಲ್ಲ" ಎಂದು ಎದೆಯುಬ್ಬಿಸಿ ಹೇಳಿದ್ದೆ. ಒಂದು ಬೆಂಚಿಗೆ ರಬ್ಬರು, ಇನ್ನೊಂದಕ್ಕೆ ಮನುಷ್ಯಳು. ಎಂಟು ವರ್ಷ ನಮ್ಮಿಬ್ಬರಿಗೂ ಇದು ವಿಚಿತ್ರ ಅನ್ನಿಸಲಿಲ್ಲ, ನೋಡು.

ಕಳೆದ ತಿಂಗಳು ಇಪ್ಪತ್ತರಂದು ಆದದ್ದನ್ನು ಫೋನಿನಲ್ಲಿ ಅರ್ಧ ಹೇಳಿದ್ದೆ, ನೀನು ಅರ್ಧದಲ್ಲೇ "ಸಣ್ಣ ಪೆಟ್ಟು ತಾನೆ" ಅಂದೆ. ಈಗ ಪೂರ್ತಿ ಕೇಳು. ನೀರಿನ ಟ್ಯಾಂಕರು ಮುಂದೆ ಹೋಗುತ್ತಿತ್ತು, ನಾನು ಮೂವತ್ತರ ವೇಗದಲ್ಲಿದ್ದೆ, ಮೂವತ್ತೊಂದೂ ಅಲ್ಲ. ಅದು ಗಕ್ಕನೆ ನಿಂತಿತು, ನಾನೂ ನಿಲ್ಲಿಸಿದೆ. ಟ್ಯಾಂಕರಿಗೆ ತಾಗಲೂ ಇಲ್ಲ. "ಅಕ್ಕಾ, ತಡೀರಿ!" ಎಂದು ಕೂಗಿದರು, ಅವರು ತಡೆದರು, ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಬ್ರೇಕಕ್ಕನ ಮುಖ ಸುಣ್ಣದ ಹಾಗಿತ್ತು. ಭುಜಕ್ಕೆ ಸೇರುವ ಕೊರಳಮೂಳೆ ಎರಡು ತುಂಡಾಗಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಒಳ್ಳೆಯ ಕೈಯಲ್ಲಿ ಶೀಟಿನ ಅಂಚು ಮುಟ್ಟಿ ನೋಡಿ, "ಈ ಮಡಿಕೆ ನನ್ನದಲ್ಲ ಬಿಡು, ಯಾರೋ ಅವಸರದಲ್ಲಿ ಮಡಿಸಿದಾರೆ" ಅಂದರು. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಮೂಳೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಡೆ ಮುಖ ಮಾಡಿ ಕೂತಿದ್ರು?" ಹೇಳಿದೆ. ಅವರು ಎದ್ದು ನಿಂತು, ಮುಂದಕ್ಕೆ ಬಗ್ಗಿ ತೋರಿಸಿದರು, ಸಲೀಸಾಗಿ ಬಗ್ಗಿದರು. ಆಮೇಲೆ ಪಕ್ಕಕ್ಕೆ ಬಗ್ಗಲು ಹೋಗಿ ಅರ್ಧಕ್ಕೇ ನಿಂತರು. "ಮೈ ಮಡಚೋದು ಆ ಕಡೆಗಮ್ಮ, ಈ ಕಡೆಗಲ್ಲ. ವೇಗ ಇನ್ನೊಂದಿಷ್ಟು ಜಾಸ್ತಿ ಇದ್ದಿದ್ರೆ ಕತ್ತಿನ ಮಾತಾಡಬೇಕಿತ್ತು ನಾವು" ಅಂದರು.

ಇನ್ನು ನಿನ್ನ ನಾಲ್ಕು ಬೆಲ್ಟಿನ ವಿಷಯ. ಹಿರಿಯಣ್ಣನ ಅಪ್ಪಣೆಯನ್ನು ಶಿರಸಾವಹಿಸಿ ವಾಹನಗಳ ಕಚೇರಿಗೇ ಹೋಗಿ ಕೇಳಿದೆ. ಪರೀಕ್ಷಕರು ವ್ಯಾನಿನ ನೋಂದಣಿ ಪುಸ್ತಕ ತೆಗೆದು ನೋಡಿದರು. ಸಾಮಾನು ಸಾಗಿಸುವ ವಾಹನ, ಡ್ರೈವರ್ ಸೇರಿ ಇಬ್ಬರಿಗೆ ಮಾತ್ರ ಜಾಗ ಎಂದಿದೆ. "ಹನ್ನೆರಡು ಜನ ಎಲ್ಲಿಂದ ಬಂದ್ರಮ್ಮ?" ಅಂದರು. "ಹಿಂದಿನ ಬಾಗಿಲಿಂದ ಸಾರ್" ಅಂದೆ. ಅವರಿಗೆ ನಗು ಬರಲಿಲ್ಲ. ಹೊರಗೆ ಬಂದು ನಿನ್ನ ಬೆಂಚು ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ, ಅದನ್ನು ಒಪ್ಪಿಕೊಂಡರು. ಆದರೆ ಬೆಲ್ಟು ಎಂದ ಕೂಡಲೇ ತಲೆಯಾಡಿಸಿದರು. ಅಡ್ಡ ಕೂತವರಿಗೆ ಬೆಲ್ಟು ಹಾಕಿದರೆ ಅದು ಸೊಂಟ ಹಿಡಿದುಕೊಳ್ಳುತ್ತದಂತೆ, ಮೇಲಿನ ಅರ್ಧ ಮೈ ಪಕ್ಕಕ್ಕೆ ಹಾರುತ್ತದಂತೆ. ಅದೂ ಅಲ್ಲದೆ ಬೆಲ್ಟನ್ನು ನೆಲದ ತಗಡಿಗೆ ಬೋಲ್ಟು ಹಾಕಿ ಕೂರಿಸಿದರೆ, ದೊಡ್ಡ ಪೆಟ್ಟಿಗೆ ಬೆಲ್ಟು, ಬೋಲ್ಟು, ಹೆಂಗಸು ಮೂವರೂ ಒಟ್ಟಿಗೆ ಹೊರಡುತ್ತಾರಂತೆ. "ಬೆಲ್ಟು ಕಟ್ಟಿದ ಮಾತ್ರಕ್ಕೆ ಈ ಬೆಂಚು ಸೀಟಾಗಲ್ಲಮ್ಮ. ಇದರಲ್ಲಿ ಜನ ಕೂರಿಸೋ ಹಾಗೇ ಇಲ್ಲ. ವಿಮೆಯವರೂ ಕೈ ಎತ್ತಿಬಿಡ್ತಾರೆ" ಅಂದರು. ಜನರನ್ನು ಒಯ್ಯಬೇಕೆಂದರೆ ಅನುಮತಿ ಇರುವ ವರ್ಕ್‌ಶಾಪಿನಲ್ಲಿ ಮುಂದಕ್ಕೆ ಮುಖ ಮಾಡಿದ ಸೀಟು, ಪ್ರತಿ ಸೀಟಿಗೂ ಬೆಲ್ಟು, ಪಕ್ಕಕ್ಕೆ ಕಿಟಕಿ, ಆಮೇಲೆ ಪರೀಕ್ಷೆ, ಆಮೇಲೆ ಪುಸ್ತಕದಲ್ಲಿ ಬದಲಾವಣೆ. ನಮ್ಮ ವ್ಯಾನಿಗೆ ಎಂಟು ಸೀಟು ಹಿಡಿಯುತ್ತದೆ, ಒಂಬತ್ತನೆಯದು ಇಲ್ಲ.

ನೀನು ಈಗ ಹಲ್ಲು ಕಡಿಯುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ಆದರೆ ಸ್ವಾಮಿ, ನಿಮ್ಮ ಯಾರ್ಡಿನ ಬಸ್ಸಿನಲ್ಲಿ ಎಲ್ಲರೂ ಬೆಲ್ಟು ಹಾಕುವ ತನಕ ಡ್ರೈವರು ಹೊರಡುವುದೇ ಇಲ್ಲ, ಏನು ಶಿಸ್ತು, ಏನು ಶಿಸ್ತು ಎಂದು ಹೊಗಳಿ ಬರೆದವರು ಯಾರು? ಆ ಬಸ್ಸಿನಲ್ಲಿ ನಿನ್ನ ಮುಖ ಯಾವ ಕಡೆಗಿರುತ್ತದೆ? ವೆಲ್ಡರನ ಕೊರಳಮೂಳೆ ಮೂಳೆ, ಶೀಟು ಮಡಿಸುವವರದ್ದು ಏನು, ಪೆನ್ಸಿಲ್ಲೇ?

ಲಾಂಡ್ರಿಯ ಮ್ಯಾನೇಜರ್ ಸಾಹೇಬರೂ ನಿನ್ನ ಪಕ್ಷವೇ. ಒಂದು ಸಲಕ್ಕೆ ಎಂಟು ಜನ ಮೀರದಂತೆ ಎರಡು ಸಲ ಕರೆತರುತ್ತೇನೆ, ಮೊದಲಿನ ಪಾಳಿ ಅರ್ಧ ಗಂಟೆ ಬೇಗ ಶುರುವಾಗಲಿ ಅಂದೆ. "ಎಂಟು ವರ್ಷ ಏನೂ ಆಗದ್ದು ಈಗ್ಯಾಕಮ್ಮ ಹೊಸ ರಾಗ?" ಅಂದರು. "ಎಂಟು ವರ್ಷ ಅಕ್ಕ ತಡೆದರು ಸಾರ್" ಅಂದೆ. ಬೇರೆ ವ್ಯಾನು ತರಿಸುತ್ತೇನೆ ಎಂದು ಹೆದರಿಸಿದರು. ತರಿಸಿ ಅಂದೆ. ಅಂದಮೇಲೆ ಮನೆಗೆ ಬಂದು ಡಬ್ಬಿಯಲ್ಲಿದ್ದ ದುಡ್ಡನ್ನು ಮೂರು ಸಲ ಎಣಿಸಿದೆ, ಅದು ಬೇರೆ ವಿಷಯ. ನಮ್ಮ ಹೆಂಗಸರಿಗೂ ಪೂರ್ತಿ ಮನಸ್ಸಿರಲಿಲ್ಲ. "ಜಡೆ ನೋಡ್ಕೊಂಡು ಎಂಥ ಮಾತಾಡೋದು?" ಎಂದು ಇಸ್ತ್ರಿಯವಳು ಮುಖ ಊದಿಸಿದಳು. ಅವಳ ಮಾತೂ ಸುಳ್ಳಲ್ಲ. ಆ ಎದುರುಬದುರು ಕೂತ ಹರಟೆ ಹೋಯಿತು, ನನಗೂ ಅದು ಬೇಕಿತ್ತು.

ಸೋಮವಾರ ಬೇರೆ ವ್ಯಾನು ಬಂದೇ ಬಂತು. ಹೊಸ ಬಣ್ಣ, ಒಳಗೆ ಅದೇ ಎರಡು ಅಡ್ಡ ಬೆಂಚು. ನಾನು ಎದುರು ಫುಟ್‌ಪಾತಿನಲ್ಲಿ, ಬೇಡದ ನೆಂಟರ ಹಾಗೆ ನಿಂತಿದ್ದೆ. ಹನ್ನೊಂದು ಜನ ಹಿಂದಿನ ಬಾಗಿಲ ಹತ್ತಿರ ಬಂದರು. ಇಸ್ತ್ರಿಯವಳು ಒಂದು ಕಾಲು ಮೆಟ್ಟಿಲಿಗೆ ಇಟ್ಟು, ಒಳಗೆ ಕತ್ತು ಹಾಕಿ ನೋಡಿ, ತಿರುಗಿ ಕೇಳಿದಳು: "ಆ ತುದೀಲಿ ಯಾರು ಕೂತ್ಕೋತೀರಿ?" ಅಣ್ಣಾ, ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. "ನೀನು ಕೂತ್ಕೋ, ನೀನೇ ದಪ್ಪ" ಎಂದು ಒಬ್ಬಳು ತಮಾಷೆ ಮಾಡಲು ಹೋದಳು. ಇಸ್ತ್ರಿಯವಳು ಕಾಲು ಕೆಳಗಿಟ್ಟಳು. ಆ ಡ್ರೈವರು ಹಾರ್ನು ಹೊಡೆದ, ಹೊಡೆದ, ಆಮೇಲೆ ಖಾಲಿ ವ್ಯಾನು ತೆಗೆದುಕೊಂಡು ಹೋದ. ಇವರು ಎರಡು ಸಿಟಿ ಬಸ್ಸು ಬದಲಾಯಿಸಿ ಒಂದೂವರೆ ಗಂಟೆ ತಡವಾಗಿ ಹೋಗಿ, ಯಾಕೆ ಎಂದು ಕೇಳಿದ ಸಾಹೇಬರಿಗೆ "ತುದೀಲಿ ಕೂರೋಕೆ ನೀವು ಬರ್ತೀರಾ ಸಾರ್?" ಎಂದು ಕೇಳಿದರಂತೆ. ಮೂರು ದಿನ ಹೀಗೇ ಆಯಿತು. ಆಸ್ಪತ್ರೆಯವರು ಶೀಟು ಎಲ್ಲಿ ಎಂದು ಫೋನಿನ ಮೇಲೆ ಫೋನು ಮಾಡಿದರು. ಗುರುವಾರ ಸಾಹೇಬರು ಎರಡು ಪಾಳಿಗೆ ಒಪ್ಪಿದ್ದಾರೆ. ಆದರೆ ಪುಸ್ತಕದಲ್ಲಿ ಬದಲಾವಣೆಯಾಗಿ ವ್ಯಾನು ಈ ತಿಂಗಳ ಕೊನೆಯೊಳಗೆ ರಸ್ತೆಗೆ ಇಳಿಯಬೇಕು, ಇಲ್ಲವಾದರೆ ಕೆಲಸ ಕೈತಪ್ಪುತ್ತದೆ. ಅಲ್ಲಿಯವರೆಗೆ ಒಬ್ಬರನ್ನೂ ಹತ್ತಿಸುವುದಿಲ್ಲ ಎಂದು ನಾನೂ ಹೇಳಿಬಿಟ್ಟಿದ್ದೇನೆ, ನೀನು ಎಷ್ಟು ಗೆರೆ ಎಳೆದರೂ ಸರಿ.

ಇಷ್ಟು ಓದಿ ನಿನಗೆ ಬೇಸರವಾದರೆ ಆಗಲಿ. ತಪ್ಪು ನಿನ್ನೊಬ್ಬನದಲ್ಲ, ಕಟ್ಟಿದವನು ನೀನು, ಓಡಿಸಿದವಳು ನಾನು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ "ಅವನ ಕೆಲಸ ಗಟ್ಟಿ, ಹಟ ಅದಕ್ಕಿಂತ ಗಟ್ಟಿ" ಎಂದೂ ಹೇಳಿದ್ದಾಳೆ; ಎರಡನ್ನೂ ಒಟ್ಟಿಗೆ ಸ್ವೀಕರಿಸು. ಕಣ್ಣು ಜೋಪಾನ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಹಟಮಾರಿ ತಂಗಿ,
ಡ್ರೈವರು

ಮರೆತಿದ್ದೆ: ಲಕೋಟೆಯಲ್ಲಿ ಒಂದು ಅರ್ಜಿ ಇದೆ. ಮಾಲೀಕನ ಸಹಿ ಇಲ್ಲದೆ ಪರೀಕ್ಷಕರು ಮುಟ್ಟುವುದಿಲ್ಲ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಎರಡು ಕಡೆ ಸಹಿ ಹಾಕಿ, ಇದು ಕೈಸೇರಿದ ಮರುದಿನದ ಅಂಚೆಗೇ ಕಳಿಸು. ಯೋಚನೆ ಮಾಡಿ ಹೇಳುತ್ತೇನೆ ಅನ್ನಬೇಡ, ಯೋಚಿಸುವುದಕ್ಕೆ ಏನೂ ಉಳಿದಿಲ್ಲ, ಬೆಂಚುಗಳನ್ನು ಶುಕ್ರವಾರವೇ ಕತ್ತರಿಸಿ ತೆಗೆಸಿದೆ. ನಿನ್ನ ಬೆಸುಗೆಗೆ ವರ್ಕ್‌ಶಾಪಿನವರ ಮೂರು ಬ್ಲೇಡು ಸವೆದವು, "ಯಾರ್ರೀ ಮಾಡಿದ್ದು?" ಎಂದು ಟೋಪಿ ತೆಗೆದು ಕೇಳಿದರು, "ನಮ್ಮಣ್ಣ" ಎಂದು ಹೆಮ್ಮೆಯಿಂದಲೇ ಹೇಳಿದೆ. ಎರಡನ್ನೂ ಹಿತ್ತಿಲಲ್ಲಿ ಹಾಕಿಸಿದ್ದೇನೆ. ರಜೆಗೆ ಬಂದಾಗ ಯಾವ ಕಡೆಗೆ ಬೇಕಾದರೂ ಮುಖ ಮಾಡಿ ಕೂತುಕೋ, ಅವು ಇನ್ನು ಎಲ್ಲಿಗೂ ಹೊರಡುವುದಿಲ್ಲ.